ವಾಪಸು ಕರೆ

ಪತ್ರ ಬಂದದ್ದು ವರ್ನ್ ಹೌಟಲಾ ಹೆಸರಿಗೆ.
ಕಳೆದ ಮಾಗಿಯಲ್ಲೇ ಇಶ್ಪೆಮಿಂಗಿನಲ್ಲಿ ಮಣ್ಣಾದ ಮುದುಕ;
ಗಾಡಿ ಈಗ ನನ್ನದು.
‘ಪಕ್ಕದ ಸೀಟಿನ ಏರ್‌ಬ್ಯಾಗು ಸಿಡಿದರೆ
ಲೋಹದ ಚೂರು ಹಾರಬಹುದು.
ದಯವಿಟ್ಟು ಮರಳಿ ತನ್ನಿ.’

ಡ್ಯಾಶಿನ ಗೂಡಿನಲ್ಲಿ ಅವನ ಪೆನ್ಸಿಲ್ ಚೀಟಿ:
ಹಿಂಬಾಗಿಲಿಗೆ ತುಕ್ಕು.
ಚಳಿ ಹೆಚ್ಚಿದರೆ ಗೇರು ಹಟ ಹಿಡಿಯುತ್ತೆ.
ಎಡಕ್ಕೆ ಹೊರಳಿದರೆ ಕಟಕಟ —
ಐಲಿ ಮಾತಾಡ್ತಿದ್ದರೆ ಕೇಳಿಸಲ್ಲ.

ಮೆಕ್ಯಾನಿಕ್ ನಕ್ಕ: ‘ಈ ಮಾಡೆಲ್ಲೇ ಹಾಗೆ, ಲೋರ್ನಾ.’

ಹನ್ನೊಂದು ವರ್ಷ ಐಲಿ ಕೂತದ್ದು
ಆ ಚೂರುಗಳ ಎದುರಿಗೇ,
ತೊಡೆಯ ಮೇಲೆ ಥರ್ಮಾಸು,
ಬಾಯಲ್ಲಿ ಅವನ ಡ್ರೈವಿಂಗಿಗೆ ಬೈಗುಳ.
ಏನೂ ಆಗಲಿಲ್ಲ.

ನನ್ನ ಸರತಿ ಮಾರ್ಚಿಗೆ.
ಅಲ್ಲಿತನಕ ಆ ಸೀಟಿನಲ್ಲಿ
ಹಿಮಕ್ಕೆ ಎರಚುವ ಉಪ್ಪಿನ ಮೂಟೆ,
ಬೆಲ್ಟು ಬಿಗಿದು ಕೂರಿಸಿದ್ದೇನೆ.
ಬಿಗಿಯದಿದ್ದರೆ
ದಾರಿಯುದ್ದಕ್ಕೂ ಗಾಡಿ ಗೊಣಗುತ್ತದೆ.