ಜಂತ್ರಡಿ

ಗಜನಿಯ ಬಾಗಿಲಿಗೆ ಮೋಟಾರು ಕೂರಿಸಲು ಬಂದವಳು ನಾನು.
ಕುಮಟೆಯ ಐಟಿಐ, ಎಲೆಕ್ಟ್ರಿಶಿಯನ್ ಟ್ರೇಡು,
ಚೀಲದಲ್ಲಿ ಟೆಸ್ಟರು, ಪಕ್ಕಡು, ಒಂದು ಬಾಟಲಿ ಮಜ್ಜಿಗೆ.
ಅಘನಾಶಿನಿ ಆಗಷ್ಟೇ ಇಳಿಯತೊಡಗಿತ್ತು.
ಏಡಿಗಳು ತಂತಮ್ಮ ಬಿಲದ ಬಾಯಿಗೆ ಬಂದು
ನನ್ನ ಬೂಟು ನೋಡಿ ಒಳಗೆ ಹೋದವು.

ಹಳೆಯ ಬಾಗಿಲು ಪಕ್ಕದ ಕಂಡಿಯಲ್ಲಿ ಇನ್ನೂ ಇತ್ತು:
ಮೇಲಿಂದ ಇಳಿಬಿಟ್ಟ ಹಲಸಿನ ಹಲಗೆ,
ತಲೆಗೆ ಎರಡು ತಿರುಗಣಿ, ಕಾಲು ನೀರಿನಲ್ಲಿ.
ಭರತಿಗೆ ಹೊಳೆಯೇ ನೂಕಿ ಮುಚ್ಚುತ್ತದೆ,
ಇಳಿತಕ್ಕೆ ಗದ್ದೆಯ ನೀರೇ ನೂಕಿ ತೆರೆಯುತ್ತದೆ.
ಕರೆಂಟು ಬೇಡ, ಕಾವಲು ಬೇಡ.
ಮಾಡಿದವನು ಈರು ಪಟಗಾರ,
ನಾನು ಹುಟ್ಟುವ ಮೊದಲೇ ತೀರಿಕೊಂಡವನು.

ಯಾಕೆ ಮಾಡಿದ ಎಂದರೆ ಊರು ಹೇಳುವುದು ಹೀಗೆ:
ಅಮಾಸೆಯ ರಾತ್ರಿ ಕಟ್ಟೆಯ ಮೇಲೆ ಜಟಗ ನಡೆಯುತ್ತಾನೆ,
ಆ ಹೊತ್ತು ಮನುಷ್ಯರ ಕೈ ಬಾಗಿಲು ಮುಟ್ಟಬಾರದು.
ಸಮುದ್ರಕ್ಕೂ ಸೊಕ್ಕು ಬರುವುದು ಅಮಾಸೆಗೇ.
ಮುಟ್ಟಲೂಬಾರದು, ಮುಚ್ಚಲೂಬೇಕು.
ಈ ಎರಡು ಮಾತಿನ ಸಂದಿಯಲ್ಲಿ
ಈರು ಒಂದು ಹಲಗೆ ತೂಗುಹಾಕಿದ.

ಕೇಳಲು ಚಂದ.
ಹಾಗಾದರೆ ಅವನಿಗಿಂತ ಮೊದಲು
ಎಷ್ಟು ಅಮಾಸೆ, ಎಷ್ಟು ಮಳೆಗಾಲ
ಉಪ್ಪುಂಡು ಬದುಕುವ ಕಗ್ಗವೂ ಮುಳುಗಿ ಕೊಳೆಯಿತು?
ಆಗಲೂ ಇದೇ ಜಟಗ, ಇದೇ ಕಟ್ಟೆ.
ಭಯಕ್ಕೆ ಹಲಗೆ ಹೊಳೆಯುವುದಾದರೆ
ಅಜ್ಜನ ಅಜ್ಜನಿಗೇ ಹೊಳೆಯಬೇಕಿತ್ತಲ್ಲ.

ಈರುವಿನ ಹೆಂಡತಿ ಹೊನ್ನಜ್ಜಿ
ಬಳಚಿನ ಬಾಯಿ ಬಿಡಿಸುತ್ತ ಕೂತಿದ್ದಳು.
"ಎಂತಾ ಭಯ ತಂಗೀ, ಅಂವಂಗೆ ಆಟದ ಹುಚ್ಚು.
ಮಹಿಷಾಸುರ ರಂಗಕ್ಕೆ ಬರೂ ಹೊತ್ತಿಗೇ
ಬಾಗಿಲು ಹಾಕೂಕೆ ಎದ್ದು ಬರಬೇಕಾಯ್ತು ಒಂದಿನ.
ಆ ಸಿಟ್ಟಲ್ಲಿ ಮಾಡ್ದ."
ನಾಲ್ಕು ಬಳಚು ಬಿಡಿಸಿದ ಮೇಲೆ:
"ಆದ್ರೆ ಜಟಗನ ಹತ್ರ ಹೂ ಕೇಳಿಯೇ ಕಟ್ಟಿದ.
ಬಲಕ್ಕೆ ಬಿತ್ತು."
ಎಡಕ್ಕೆ ಬಿದ್ದಿದ್ದರೆ?
"ಮತ್ತೊಂದ್ಸಲ ಕೇಳ್ತಿದ್ದ."

ನನ್ನ ಕತೆ ಕೇಳಿ.
ನೀರಿನ ಎತ್ತರ ನೋಡುವ ಸೆನ್ಸರು ಕೂರಿಸಿ ಹೋದೆ ಸೋಮವಾರ,
ಎರಡು ಕಣ್ಣು, ಒಂದು ಕೂಗುತ್ತದೆ, ಒಂದು ಕೇಳುತ್ತದೆ.
ಮಂಗಳವಾರ ಬೆಳಿಗ್ಗೆ ಫೋನು: ಬಾಗಿಲು ತೆರೆಯುತ್ತಿಲ್ಲ.
ಬಂದು ನೋಡಿದರೆ ಕಣ್ಣಿಗೆ ಕುಂಕುಮ,
ಕಣ್ಣ ಮುಂದೆ ಜೋಲುವ ಅಬ್ಬಲಿಗೆ ದಂಡೆ.
ಸಮುದ್ರ ಮೂಗಿನವರೆಗೂ ಬಂತೆಂದು ತಿಳಿದು
ಬಾಗಿಲು ಜಡಿದುಕೊಂಡು ಕೂತಿತ್ತು ಪಾಪ.

ಹೂವು ತೆಗೆಯಿರಿ ಎಂದೆ. ಯಾರೂ ಮುಂದೆ ಬರಲಿಲ್ಲ.
ನಾನೂ ತೆಗೆಯಲಿಲ್ಲ, ಅದನ್ನು ಹೇಳಿಬಿಡುತ್ತೇನೆ.
ಒಂದು ತೆಂಗಿನ ಕರಟಕ್ಕೆ ತೂತು ಕೊರೆದು
ಟೊಪ್ಪಿಯ ಹಾಗೆ ತೊಡಿಸಿದೆ,
ದಂಡೆ ಮೇಲೆ ಸುತ್ತಿಕೊಂಡಿತು, ಕಣ್ಣು ಕೆಳಗೆ ಬಿಟ್ಟುಕೊಂಡಿತು.
ಮಳೆಗಾಲ ಬಂತು. ಉಪ್ಪುಗಾಳಿ ಬಂತು.
ಬೇರೆ ಬಾಗಿಲುಗಳ ಸೆನ್ಸರು ಸತ್ತವು, ಇದು ಸಾಯಲಿಲ್ಲ.
ಆಫೀಸಿನವರು ಕರಟದ ಅಳತೆ ತೆಗೆದುಕೊಂಡು ಹೋದರು.
ನಕ್ಷೆಯಲ್ಲಿ ಅದರ ಹೆಸರು 'ಮಳೆ ಮುಚ್ಚಳ'.
ಹೂವಿನ ಸುದ್ದಿ ಎಲ್ಲೂ ಇಲ್ಲ.

ನಾನು ಈ ಕಸುಬಿಗೆ ಬಿದ್ದಾಗ ಅವ್ವ
ತೋಳಿಗೊಂದು ತಗಡು ಕಟ್ಟಿದಳು, ಶಾಕ್ ಹೊಡೆಯದಿರಲೆಂದು.
ತಾಮ್ರದ್ದು!
ಅದಕ್ಕೂ ಯಂತ್ರ ಎಂದೇ ಹೆಸರು.
ಪೆಟ್ಟಿಗೆ ತೆರೆಯುವ ಮೊದಲು ಬಿಚ್ಚಿ ಕಿಸೆಗೆ ಹಾಕುತ್ತೇನೆ,
ಮನೆಯ ತಿರುವಿನಲ್ಲಿ ಮತ್ತೆ ಕಟ್ಟಿಕೊಳ್ಳುತ್ತೇನೆ.
ಹಲ್ಲಿನಲ್ಲಿ ಗಂಟು ಹಾಕುವುದು ಈಗ ರೂಢಿಯಾಗಿದೆ.

ಹೋದ ಅಮಾಸೆ ಕರೆಂಟು ಹೋಯಿತು.
ಬ್ಯಾಟರಿ ಹಿಡಿದು ಕಟ್ಟೆಗೆ ಬಂದೆ ಒಬ್ಬಳೇ.
ಭರತಿ ಏರುತ್ತಿತ್ತು, ಕತ್ತಲಿಗೇ ಸದ್ದು ಬಂದ ಹಾಗೆ.
ಕೈಯಿಂದ ತಿರುಗಿಸುವ ಚಕ್ರ ಇದೆ, ನಾನೇ ಗ್ರೀಸು ಹಚ್ಚಿದ್ದು.
ಕೈ ಅದರ ಹತ್ತಿರ ಹೋಗಿ
ನಿಂತಿತು,
ಎಷ್ಟು ಹೊತ್ತೋ.

ಪಕ್ಕದ ಕಂಡಿಯಲ್ಲಿ
ಈರುವಿನ ಹಲಗೆ ಟಪ್ಪೆಂದು ಮುಚ್ಚಿಕೊಂಡಿತು.
ಹೆದರಿ, ಚಕ್ರ ಹಿಡಿದುಕೊಂಡೆ.