ಹುಟ್ಟಿ ಎರಡು ಸೆಕೆಂಡು

ಬಿಲ್ಡ್ ಒತ್ತಿ
ಅಗ್ನಿಯಾ ಕಿಟಕಿಗೆ ಬರುತ್ತಾಳೆ.
ಮುಂಚೆ ನಾಲ್ಕು ನಿಮಿಷ. ಒಂದು ಚಹಾ, ಅರ್ಧ ಬಿಸ್ಕತ್ತು.
ಹೊಸ ಕಾವಲುಗಾರ ಬಂದ ಮೇಲೆ ಮೂವತ್ತೊಂದು.

ಹದಿನೆಂಟು ಸಾವಿರ ಪುಟ್ಟ ಪುಟ್ಟ ಫೈಲುಗಳು,
ಕೆಲವು ಬರೀ ಎರಡು ಸಾಲಿನವು.
ಒಂದು ಅವಳೇ ಜ್ವರದಲ್ಲಿ ಬರೆದದ್ದು,
"ಇದು ಯಾಕೆ ನಡೆಯುತ್ತದೋ ಗೊತ್ತಿಲ್ಲ, ಮುಟ್ಟಬೇಡಿ"
ಎಂಬ ಟಿಪ್ಪಣಿಯ ಸಮೇತ.
ಎಲ್ಲವನ್ನೂ ತಡೆದು ನಿಲ್ಲಿಸಿ,
ಜೇಬು ತಡವಿ, ನಾಲಿಗೆ ಚಾಚಿಸಿ ನೋಡಿ,
ಹೋಗು ಎನ್ನುತ್ತದೆ.
ಹೋದದ್ದು ಏನೋ ಮರೆತೆನೆಂದು ತಿರುಗಿ ಬಂದರೆ
ಮತ್ತೆ ಮೊದಲಿನಿಂದ.

ಬೇಲಿ ಎದ್ದು ಹೊಲ ಮೇಯ್ದದ್ದು ಕೇಳಿದ್ದೇವೆ.
ಈ ಬೇಲಿ ಮೇಯುವುದಿಲ್ಲ, ಪಾಪ;
ಒಂದೊಂದೇ ಗರಿಕೆಯ ಗಲ್ಲ ಹಿಡಿದೆತ್ತಿ
ಹೆಸರೇನು, ಯಾರ ಮಗ ಎಂದು ಕೇಳುತ್ತದೆ.
ಅಷ್ಟರಲ್ಲಿ ಸಂಜೆ.

ಕಿಟಕಿಯಾಚೆ ನಾರ್ವಾ ನದಿ.
ಈ ದಡದಲ್ಲೊಂದು ಕೋಟೆ, ಆ ದಡದಲ್ಲೊಂದು,
ಜಗಳವಾಡಿಯೂ ಮುಖ ತಿರುಗಿಸಲಾಗದ ವಾರಗಿತ್ತಿಯರ ಹಾಗೆ.
ನಡುವೆ ಸೇತುವೆ. ಅದರ ಹೆಸರು ಸ್ನೇಹ.
ಸೇತುವೆಯ ಬಾಯಿಗೆ ಸಾಲು: ಚಕ್ರದ ಚೀಲ, ಉಣ್ಣೆಯ ಟೋಪಿ,
ಸಾಲಿನಲ್ಲೆಲ್ಲೋ ಅವಳ ಚಿಕ್ಕಮ್ಮ ಕ್ಲಾವ್ದಿಯಾ,
ಹನ್ನೊಂದಕ್ಕೆ ನಿಂತವಳು,
ಆ ಕಡೆ ಮಲಗಿರುವ ಅಕ್ಕನ ಗೋರಿಯ ಕಂಬಿಗೆ ಬಳಿಯಲು
ಅರ್ಧ ಲೀಟರ್ ಬಣ್ಣ ಹಿಡಿದು.
ಡಬ್ಬಿಯಲ್ಲೇನು? ಬಣ್ಣ.
ತೆರೆ. ನೀಲಿ.
ಯಾಕೆ ನೀಲಿ?

ತಾಲಿನ್ನಿನ ರೈಗೊಗೆ ಅಗ್ನಿಯಾ ಬರೆದದ್ದು ಮೂರನೇ ಸಲ:
ಈ ಒಂದು ಫೋಲ್ಡರನ್ನಾದರೂ ಬಿಟ್ಟುಬಿಡಿ.
ರೈಗೊ ಒಳ್ಳೆಯವನು. ಉತ್ತರದ ಕೊನೆಗೆ ನಗುಮುಖವನ್ನೂ ಇಟ್ಟಿದ್ದ.
"ವಿನಾಯಿತಿ ಅಂದರೆ ಬಾಗಿಲು.
ನೀನು ಕಳ್ಳಿಯಲ್ಲ, ಸರಿ. ನಿನ್ನ ಬೆನ್ನಿಗೇ ನುಗ್ಗುವವನು?"
ಅದಕ್ಕೆ ಅವಳ ಬಳಿ ಉತ್ತರವಿರಲಿಲ್ಲ.
ಕೆಳಮನೆಯ ಲೆಕ್ಕಪತ್ರದ ಕಚೇರಿಯ ಪರದೆಗಳೆಲ್ಲ
ಒಂದೇ ರಾತ್ರಿ ಕಲ್ಲಾಗಿ
ಶಾಪ ಬಿಡಿಸಲು ದುಡ್ಡು ಕೇಳಿದ್ದು ಅವಳೂ ನೋಡಿದ್ದಾಳೆ.

ಇಪ್ಪತ್ತೆಂಟನೇ ನಿಮಿಷ. ಫ್ಯಾನಿಗೆ ಏದುಸಿರು.
ಲ್ಯಾಪ್‌ಟಾಪಿನ ಬಿಸಿಗೆ ಹೊಟ್ಟೆ ಕೊಟ್ಟು ಬೆಕ್ಕು ಮಲಗಿದೆ;
ಈ ಮನೆಯಲ್ಲಿ ಕಾವಲುಗಾರನಿಂದ ಲಾಭವಾದದ್ದು
ಅದಕ್ಕೊಂದಕ್ಕೇ.

ಕೊನೆಗೂ ಮುಗಿಯಿತು.
ಸಾವಿರಾರು ಚೂರು ಕೂಡಿ ಒಂದು ಜೀವ:
ಬಂದರಿನ ಕ್ರೇನು ಎಷ್ಟು ಭಾರ ಎತ್ತಿತೆಂದು
ಲೆಕ್ಕವಿಡುವ ಸಾಧು ಪ್ರೋಗ್ರಾಮು.
ಹುಟ್ಟಿ ಎರಡು ಸೆಕೆಂಡು,
ಕಣ್ಣು ಬಿಡುವ ಮೊದಲೇ ಎತ್ತಿಕೊಂಡು ಹೋಯಿತು.
ಪರದೆಯ ಮೂಲೆಯಲ್ಲೊಂದು ಹಳದಿ ಚೀಟಿ:
ಇದನ್ನು ಈವರೆಗೆ ಲೋಕದಲ್ಲಿ ಯಾರೂ ಕಂಡಿಲ್ಲ.
ಆದ್ದರಿಂದ ಸಂಶಯ.

ಕಂಡಿಲ್ಲ, ನಿಜ.
ಈಗ ತಾನೇ ಹೆತ್ತಿದ್ದೇನಲ್ಲ!
ಅವಳು ಜೋರಾಗಿ ನಕ್ಕಳು. ಬೆಕ್ಕು ಎದ್ದಿತು.
ನಗು ಅರ್ಧಕ್ಕೇ ನಿಂತಿತು.

ಡ್ರಾಯರಿನಲ್ಲಿ ಅವಳದೊಂದು ಬೂದು ಪಾಸ್‌ಪೋರ್ಟಿದೆ.
ಹುಟ್ಟಿದ್ದು ಇದೇ ಊರಿನ ಹೆರಿಗೆ ಆಸ್ಪತ್ರೆ, ಇದೇ ನದಿಯ ಚಳಿ;
ಆದರೆ ಅವಳು ಯಾವ ದೇಶದ ಪ್ರಜೆಯೂ ಅಲ್ಲ.
ಇಪ್ಪತ್ತು ವರ್ಷದಿಂದ ಪ್ರತಿ ಕೌಂಟರಿನಲ್ಲೂ
ಹುಬ್ಬು ಮೇಲೇರುವ ಆ ಒಂದು ನಿಮಿಷ,
ಫೋನೆತ್ತಿ ಯಾರನ್ನೋ ಕೇಳುವ ಇನ್ನೊಂದು.
ಕೂಡಿಸಿದರೆ ಎಷ್ಟಾದೀತು?
ಕೂಡಿಸಲಿಲ್ಲ.

ಸೆರೆಯ ಪಟ್ಟಿ ತೆರೆದಳು.
"ಇವನು ನನ್ನವನು" ಎಂಬ ಗುಂಡಿ ಇಲ್ಲ.
"ಬಿಡಿಸು" ಎಂಬುದಿದೆ, ಅದಕ್ಕೆ ರೈಗೊನ ಪಾಸ್‌ವರ್ಡ್ ಬೇಕು.
ರೈಗೊ ಐದಕ್ಕೇ ಮನೆಗೆ ಹೋಗಿರುತ್ತಾನೆ.

ಆಗ ಫೋನು. ಗಾಳಿಯ ಸದ್ದಿನೊಳಗೆ ಚಿಕ್ಕಮ್ಮ:
"ದಾಟಿದೆ ಕಣೇ. ಬಣ್ಣ ಬಿಟ್ಟರು.
ಬ್ರಷ್ಷು ಇಟ್ಟುಕೊಂಡರು.
ಇರಲಿ, ನಾಳೆ ಬೆಳಗ್ಗೆ ಬೆರಳಲ್ಲೇ ಬಳಿಯುತ್ತೇನೆ.
ನಿನ್ನದು ಆಯಿತಾ?"

ಈಗ ಆಗುತ್ತದೆ, ಎಂದಳು.
ಒಂದು ಸಾಲಿನ ಕೊನೆಯ ಖಾಲಿ ಜಾಗ ಅಳಿಸಿ
ಮತ್ತೆ ಬಿಲ್ಡ್ ಒತ್ತಿದಳು.
ಮೊದಲನೇ ಫೈಲು ಹೊಸಿಲಿಗೆ ಬಂದು ನಿಂತಿತು,
ಜೇಬು ಹೊರಗೆಳೆದು ತೋರಿಸುತ್ತ.
ಬೆಕ್ಕು ಬಿಸಿಗೆ ಮರಳಿತು.