ಅವಲಂಬಿತರ ಸಂಖ್ಯೆ

ನಾನು ಕಂಡದ್ದು ಇಷ್ಟೇ, ನ್ಯಾಯಾಧೀಶರೇ:
ಮಾರ್ಚಿಯ ಸಂಜೆ, ಐದಕ್ಕೆ ಎಂಟು ನಿಮಿಷ ಕಮ್ಮಿ,
ಹಾಲು, ರೈ ಹಿಟ್ಟು ತರುತ್ತಿದ್ದೆ ಒದೆಗಾಡಿಯಲ್ಲಿ.
ಒಂದು ಕಾಲು ಪಟ್ಟಿಯ ಮೇಲೆ,
ಇನ್ನೊಂದರಲ್ಲಿ ಹಿಮ ಒದೆಯುತ್ತ.
ಎಪ್ಪತ್ತೊಂಬತ್ತಕ್ಕೆ ಇದೇ ನನ್ನ ವಾಹನ.

ಬೂದು ಬಣ್ಣದ ಕಾರು. ವೇಗ ಎಷ್ಟೆಂದು ಕೇಳಬೇಡಿ.
ಒಂದು ಮೊಳ, ಅಷ್ಟೇ ಅಂತರ.
ಹಾಲಿನ ಪೊಟ್ಟಣ ಹಾರಿ ಒಡೆದು
ಬಿಳಿಯ ಮೇಲೆ ಬಿಳಿ ಚೆಲ್ಲಿತು, ಕಾಣಲೇ ಇಲ್ಲ.
ಕಂಡದ್ದು ಅವನ ಬಾಯಿ.
ತೆರೆದಿತ್ತು.
ಕೂಗುತ್ತಿದ್ದನೋ, ಉಸಿರಿಗೆ ಒದ್ದಾಡುತ್ತಿದ್ದನೋ,
ಗಾಜಿನಾಚೆ ಗೊತ್ತಾಗಲಿಲ್ಲ.

ಇಷ್ಟು ಹೇಳಿ ಕೂತೆ.
ಸರ್ಕಾರಿ ವಕೀಲೆ ಓದಿದಳು: ಮಿತಿ ಅರವತ್ತು,
ಇವನದು ನೂರ ಹದಿನೇಳು,
ದಾರಿಯಲ್ಲಿ 'ವಯೋವೃದ್ಧ ಪಾದಚಾರಿ'. ಅದು ನಾನಂತೆ.
ಪರಿಹಾರ ಕೇಳುತ್ತೀರಾ ಎಂದಳು.
ಹಾಲಿನ ದುಡ್ಡು ಬೇಡ ಎಂದೆ. ಸುಳ್ಳೂ ಹೇಳಲಾರೆ ಎಂದೆ:
ಈಗಲೂ ಹಿಂದೆ ಎಂಜಿನ್ ಸದ್ದಾದರೆ
ಪೊದೆಗೆ ಹಾರುತ್ತೇನೆ, ಮೊಲದ ಹಾಗೆ.

ಅವನ ಕಡೆಯ ವಕೀಲ ಎಳೆ ಹುಡುಗ, ಟೈ ಸಡಿಲ.
ನಾಲ್ಕೂ ಮೂವತ್ತೈದಕ್ಕೆ ಫೋನು ಬಂತು ಎಂದ.
ಹದಿನಾಲ್ಕರ ವೀಲಿ, ಹಿಮಬಂಡಿ,
ಸೇತುವೆ ಬಳಿ ಸೆಳೆತವಿರುವಲ್ಲಿ ತೆಳು ಮಂಜುಗಡ್ಡೆ.
ಎತ್ತಿದ್ದಾರೆ, ಕಾಯಾನಿಗೆ ಒಯ್ದಿದ್ದಾರೆ, ಬೇಗ ಬನ್ನಿ.
ಬೇಗ ಬನ್ನಿ ಅಂದದ್ದೂ ಸರ್ಕಾರಿ ಆಸ್ಪತ್ರೆಯೇ, ಸ್ವಾಮಿ.

ನ್ಯಾಯಾಧೀಶರು ಕನ್ನಡಕ ತೆಗೆದರು, ಮತ್ತೆ ಹಾಕಿದರು.
'ಅವಸರ ಬೇರೆ, ಅನಿವಾರ್ಯ ಬೇರೆ.
ಅಲ್ಲಿ ವೈದ್ಯರಿದ್ದರು.
ನೀವು ಬೇಗ ಮುಟ್ಟಿದ್ದರೆ
ಅವರ ಕೈ ಇನ್ನಷ್ಟು ಚುರುಕಾಗುತ್ತಿತ್ತೇ?'
ತುವೊಮೊ ಕಾರ್ಪ್ಪಿನೆನ್ ತನ್ನ ಅಂಗೈ ನೋಡಿಕೊಂಡ.
ಮರದ ಮಿಲ್ಲಿನಲ್ಲಿ ಗರಗಸಕ್ಕೆ ಹಲ್ಲು ಕೂರಿಸುವವನು,
ಬೆರಳ ತುದಿಯೆಲ್ಲ ಕಚ್ಚು.

ನಮ್ಮಲ್ಲಿ ದಂಡವನ್ನು ದಿನಗಳಲ್ಲಿ ಅಳೆಯುತ್ತಾರೆ,
ದಿನದ ಬೆಲೆಯನ್ನು ಸಂಬಳದಲ್ಲಿ.
ಸಾಕುವ ಮಗು ಒಂದೊಂದಕ್ಕೂ
ದಿನಕ್ಕೆ ಮೂರು ಯೂರೋ ಸೋಡಿ.
ಅವತ್ತು ರಸ್ತೆ ಬದಿಯಲ್ಲಿ ತಡೆದ ಪೊಲೀಸಿನವನು
ನಮೂನೆ ತೆಗೆದು ಕೇಳಿದ್ದನಂತೆ:
ತಿಂಗಳ ಆದಾಯ? ಅವಲಂಬಿತ ಮಕ್ಕಳು?
ದುಃಖಕ್ಕೆ ಕಲಮು ಇರಲಿಲ್ಲ.
'ಇಬ್ಬರು' ಎಂದಿದ್ದ ಇವನು.

ಈಗ ಎದ್ದು ನಿಂತ. ವಕೀಲ ತೋಳು ಜಗ್ಗಿದ, ಕೂರಲಿಲ್ಲ.
'ಅದನ್ನು ತಿದ್ದಬೇಕು.
ಆಸ್ಪತ್ರೆಯ ಕಾಗದದಲ್ಲಿ ನಾಲ್ಕೂ ಐವತ್ತು ಎಂದಿದೆ.
ಪೊಲೀಸರು ನನ್ನನ್ನು ಕೇಳಿದಾಗ ಐದೂ ಹತ್ತು.
ನಾನು ಕೊಟ್ಟದ್ದು ತಪ್ಪು ಲೆಕ್ಕ.
ಒಬ್ಬಳು ಅಂತ ಬರೆಯಿರಿ. ಸೀರಿ. ಒಂಬತ್ತು ವರ್ಷ.'

ನಾನು ಬೆರಳು ಮಡಿಸಿ ಎಣಿಸಿದೆ.
ನನ್ನ ಹಾಲು ಚೆಲ್ಲುವ ಹೊತ್ತಿಗೆ
ಆ ಹುಡುಗ ಹೋಗಿ ಎರಡು ನಿಮಿಷ.

ಗುಮಾಸ್ತೆ ಒಂದು ಕೀಲಿ ಒತ್ತಿದಳು. ಟಕ್.
ಮೂವತ್ತೊಂದಿದ್ದದ್ದು ಮೂವತ್ನಾಲ್ಕಾಯಿತು,
ಐವತ್ತು ದಿನಕ್ಕೆ ನೂರೈವತ್ತು ಹೆಚ್ಚು.
ಮೇಲೆ ಆರು ತಿಂಗಳು ಸ್ಟಿಯರಿಂಗ್ ಮುಟ್ಟುವಂತಿಲ್ಲ.
ಅವನು ಧನ್ಯವಾದ ಎಂದ.
ನ್ಯಾಯಾಧೀಶರು ತಮ್ಮ ಪೆನ್ನಿನ ಮುಚ್ಚಳ ಹುಡುಕುತ್ತಿದ್ದರು,
ಅದು ಎದುರಿಗೇ ಇತ್ತು.

ನವೆಂಬರಿನಲ್ಲಿ ಮತ್ತೆ ಹಿಮ ಕೂತಿತು.
ಅದೇ ದಾರಿಯಲ್ಲಿ ಅವನು ನಡೆದು ಬರುವುದು ಕಾಣುತ್ತೇನೆ,
ಚರ್ಚಿನ ಹಿತ್ತಿಲಿಗೆ, ನಾಲ್ಕು ಕಿಲೋಮೀಟರು,
ಜೇಬಿನಿಂದ ತೂಗುವ ಮಿಂಚುಬಿಲ್ಲೆ.
ಮೂರು ಭಾನುವಾರ ಕಿಟಕಿಯಲ್ಲೇ ನಿಂತೆ, ಬಾಗಿಲು ತೆರೆಯಲಿಲ್ಲ.
ನಾಲ್ಕನೆಯದಕ್ಕೆ ಒದೆಗಾಡಿಯನ್ನು ಗೇಟಿನಾಚೆ ತಳ್ಳಿದೆ:
'ತಗೊ. ಇದಕ್ಕೆ ಲೈಸೆನ್ಸ್ ಕೇಳುವುದಿಲ್ಲ.
ಕತ್ತಲಾಗುವ ಮುಂಚೆ ತಂದಿಡು, ನನಗೂ ಅಂಗಡಿಯಿದೆ.'

ಹೋದ. ಬಹಳ ನಿಧಾನ.
ಅದರ ಮುಂದೊಂದು ಪುಟ್ಟ ಆಸನವಿದೆ,
ನಮ್ಮ ಕಡೆ ಮಕ್ಕಳನ್ನು ಕೂರಿಸುವುದು ಅಲ್ಲೇ.
ನಾನಾದರೆ ಹಾಲು ಇಡುತ್ತೇನೆ.